ಸೊಂಟ ಹಿಡಿಸಿಕೊಂಡವನ ರೋಯಿಂಗ್ ಮಷೀನ್ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ಮಷೀನ್ ಚೆನ್ನಾಗಿದೆ. ಚೆನ್ನಾಗಿಲ್ಲದೆ ಇದ್ದದ್ದು ನಾನು ಅದನ್ನು ಎಳೆಯುತ್ತಿದ್ದ ರೀತಿ. ದೋಣಿಗೆ ಹುಟ್ಟು ಹಾಕುವ ಹಾಗೆ ಕೂತು ಎಳೆಯುವ ವ್ಯಾಯಾಮದ ಮಷೀನ್ ಇದು. ಕಾನ್ಸೆಪ್ಟ್2 ಕಂಪನಿಯದು, ಹೆಸರು ರೋಅರ್ಗ್, ಮನೆಗೆ ಬಂದು ಹದಿನಾಲ್ಕು ತಿಂಗಳಾಯಿತು. ಅದರಲ್ಲಿ ಮೊದಲ ಎರಡು ತಿಂಗಳು ಸೊಂಟದ ಮೇಲೆ ಕೈಯಿಟ್ಟುಕೊಂಡೇ ಓಡಾಡಿದ್ದೇನೆ. "ರೋಯಿಂಗ್ ಮಾಡಿದ್ರೆ ಬೆನ್ನು ಹೋಗುತ್ತಂತೆ, ಹೌದಾ?" ಅಂತ ಕೇಳುವವರು ತುಂಬಾ ಜನ. ಅವರಿಗೋಸ್ಕರ ಇಷ್ಟುದ್ದ ಬರೆಯುತ್ತಿದ್ದೇನೆ.

ಮಷೀನಿನ ವಿಷಯ ಬೇಗ ಮುಗಿಸುತ್ತೇನೆ. ಅಮೆರಿಕದ ವರ್ಮಾಂಟ್‌ನ ಕಂಪನಿ, 1981ರಿಂದ ಇಂಥ ಮಷೀನ್ ಮಾಡುತ್ತಿದೆ. ಹಿಂದೆ ಮಾಡೆಲ್ ಡಿ ಅಂತಿದ್ದದ್ದೇ 2021ರಿಂದ ರೋಅರ್ಗ್. ಉದ್ದ 8 ಅಡಿ, ತೂಕ 26 ಕೆಜಿ. ಎರಡು ತುಂಡಾಗಿ ಬಿಚ್ಚಬಹುದು, ಸ್ಪ್ಯಾನರ್ ಕೂಡ ಬೇಡ. ಗಾಳಿಯ ಚಕ್ರ, ಚೈನು, ಅದರ ತುದಿಗೆ ಎಳೆಯುವ ಹಿಡಿಕೆ, ಸರಿಯುವ ಸೀಟು, ಅಷ್ಟೇ. ಕೆಡುವಂಥದ್ದು ಕಮ್ಮಿ. 50 ಗಂಟೆಗೊಮ್ಮೆ ಚೈನಿಗೆ ಎಣ್ಣೆ ಒರೆಸಿದರೆ ಸಾಕು. ಸದ್ದು ಮಾತ್ರ ಇದ್ದೇ ಇದೆ, ಜೋರಾಗಿ ಓಡುವ ಟೇಬಲ್ ಫ್ಯಾನ್ ತರಹ. ನಮ್ಮದು ಬೆಂಗಳೂರಿನ ಬಾಡಿಗೆ ಮನೆ, ಕೆಳಗಡೆ ಓನರ್. ಆದ್ದರಿಂದ ರಾತ್ರಿ ಒಂಬತ್ತರ ಮೇಲೆ ಮುಟ್ಟುವುದಿಲ್ಲ.

ಈಗ ಸೊಂಟಕ್ಕೆ ಬರೋಣ. ಚಕ್ರದ ಪಕ್ಕದಲ್ಲಿ ಡ್ಯಾಂಪರ್ ಅಂತ ಒಂದು ಸಣ್ಣ ಕಡ್ಡಿ ಇದೆ, 1ರಿಂದ 10ರವರೆಗೆ ನಂಬರ್. ದುಡ್ಡು ಕೊಟ್ಟು ತಂದಿದ್ದೇನೆ, 10ಕ್ಕಿಂತ ಕಮ್ಮಿ ಯಾಕೆ ಇಡಲಿ ಅಂತ ಸೀದಾ 10ಕ್ಕೆ ಇಟ್ಟೆ. ನಾಲ್ಕನೇ ದಿನ ಬೆಳಿಗ್ಗೆ ಐದೂವರೆಗೆ ಎದ್ದು, ಹಾಸಿಗೆಯಿಂದ ನೇರ ಸೀಟಿಗೆ, 5000 ಮೀಟರ್ ಒಂದೇ ಉಸಿರಿಗೆ. ಆವಾಗ ಏನೂ ಆಗಲಿಲ್ಲ. ಮಾರನೇ ದಿನ ಬಾಗಿಲಲ್ಲಿದ್ದ ಹಾಲಿನ ಪ್ಯಾಕೆಟ್ ಎತ್ತೋಣ ಅಂತ ಬಗ್ಗಿದೆ, ಅಲ್ಲೇ ಹಿಡಿದುಕೊಂಡಿತು. ಮೇಲಕ್ಕೂ ಏಳೋಕಾಗಲ್ಲ, ಕೆಳಕ್ಕೂ ಕೂರೋಕಾಗಲ್ಲ. ಎದುರು ಮನೆಯವರು "ಏನಾದ್ರೂ ಬಿದ್ದೋಯ್ತಾ ಸಾರ್?" ಅಂತ ಟಾರ್ಚ್ ತಂದರು.

ಡ್ಯಾಂಪರ್ 10 ಅಂದರೆ ಜಾಸ್ತಿ ವ್ಯಾಯಾಮ ಅಂತ ನನ್ನ ಹಾಗೇ ಎಲ್ಲರೂ ಅಂದುಕೊಳ್ಳುತ್ತಾರೆ. ಅದು ಸೈಕಲ್ ಗೇರ್ ಇದ್ದ ಹಾಗೆ. ನಂಬರ್ ಏರಿಸಿದಷ್ಟೂ ಚಕ್ರದೊಳಗೆ ಗಾಳಿ ಜಾಸ್ತಿ ಹೋಗುತ್ತದೆ, ಚಕ್ರ ಬೇಗ ನಿಧಾನವಾಗುತ್ತದೆ, ಪ್ರತಿ ಸಲವೂ ಅದನ್ನು ಮತ್ತೆ ಎಬ್ಬಿಸಬೇಕು. ಎಬ್ಬಿಸುವ ಆ ಮೊದಲ ಕ್ಷಣ ಯಾವುದು ಗೊತ್ತಾ? ಮಂಡಿ ಮಡಚಿ, ಕೈ ಮುಂದೆ ಚಾಚಿ, ನಡು ಅತಿ ಹೆಚ್ಚು ಬಗ್ಗಿರುವ ಕ್ಷಣ. ಇಡೀ ಭಾರ ಅಲ್ಲೇ ಬೀಳುತ್ತದೆ. ಈಗ ನಾನು 4ರಲ್ಲಿ ಇಟ್ಟಿದ್ದೇನೆ. ಕಂಪನಿಯೂ 3ರಿಂದ 5 ಸಾಕು ಅನ್ನುತ್ತದೆ. ಮಾನಿಟರ್‌ನಲ್ಲಿ ಡ್ರ್ಯಾಗ್ ಫ್ಯಾಕ್ಟರ್ ಅಂತ ಒಂದು ಅಂಕಿ ನೋಡಬಹುದು, ಗಾಳಿ ಚಕ್ರವನ್ನು ಎಷ್ಟು ತಡೆಯುತ್ತಿದೆ ಅಂತ ಹೇಳುವುದು, ನಿಜವಾದ ಲೆಕ್ಕ ಅದೇ. ನನಗೆ 110ರ ಆಸುಪಾಸು ಹಿತವಾಗಿದೆ. ಧೂಳು ಕೂತರೆ ಈ ಅಂಕಿ ಇಳಿಯುತ್ತದೆ, ಎತ್ತರದ ಊರಿನ ತೆಳು ಗಾಳಿಯಲ್ಲೂ ಇಳಿಯುತ್ತದೆ. ಹಾಗಾಗಿ ಮಂಗಳೂರಿನ 4ಕ್ಕೂ ಬೆಂಗಳೂರಿನ 4ಕ್ಕೂ ಸ್ವಲ್ಪ ವ್ಯತ್ಯಾಸ ಇರುತ್ತದೆ! ಜಿಮ್‌ನಲ್ಲಿ ಒಂದು ನಂಬರ್, ಮನೆಯಲ್ಲಿ ಇನ್ನೊಂದು ಅಂತ ಗಾಬರಿಯಾಗಬೇಡಿ.

ಆದರೆ ಡ್ಯಾಂಪರ್ ಇಳಿಸಿದ ಮೇಲೂ ನೋವು ಪೂರ್ತಿ ಹೋಗಲಿಲ್ಲ. ಕೊನೆಗೆ ಹೆಂಡತಿ ಪಕ್ಕದಿಂದ ಮೊಬೈಲಲ್ಲಿ ವಿಡಿಯೋ ತೆಗೆದಳು. ನೋಡಿದರೆ ಗಾಬರಿ. ನಾನು ಬೆನ್ನು ನೆಟ್ಟಗಿದೆ ಅಂದುಕೊಂಡಿದ್ದೆ, ವಿಡಿಯೋದಲ್ಲಿ ಸೀಗಡಿ ಇದ್ದ ಹಾಗೆ ಇದ್ದೆ. ಊರಿಂದ ಬಂದಿದ್ದ ಅಮ್ಮ ಕನ್ನಡಕ ಏರಿಸಿ ನೋಡಿ, "ಬಾವೀಲಿ ನೀರು ಸೇದೋವಾಗ ಹಿಂಗೆ ಗೂನು ಮಾಡ್ಕೊಂಡ್ರೆ ಕೊಡದ ಜೊತೆ ನೀನೂ ಒಳಗೆ ಹೋಗ್ತೀಯ ಕಣೋ. ಕಾಲು ಊರಬೇಕು, ಆಮೇಲೆ ಮೈ, ಆಮೇಲೆ ಕೈ" ಅಂದಳು. ಮಷೀನ್ ಜೊತೆ ಬಂದ ಪುಸ್ತಕದಲ್ಲೂ ಇದೇ ಬರೆದಿತ್ತು, ಓದಿದವರು ಯಾರು ಹೇಳಿ!

ಎಳೆಯುವಾಗ ಮೊದಲು ಕಾಲು ಒತ್ತಬೇಕು. ಕಾಲು ಹೆಚ್ಚುಕಡಿಮೆ ನೀಳವಾದ ಮೇಲೆ ಮೈ ಹಿಂದಕ್ಕೆ, ಕೊನೆಗೆ ಕೈ. ವಾಪಸ್ ಬರುವಾಗ ತಲೆಕೆಳಗು: ಕೈ, ಮೈ, ಕಾಲು. ನಾನು ಮಾಡುತ್ತಿದ್ದದ್ದು ಏನಂದರೆ, ಕಾಲು ಒದ್ದ ಕೂಡಲೇ ಸೀಟು ಹಿಂದಕ್ಕೆ ಜಾರುತ್ತಿತ್ತು, ಹಿಡಿಕೆ ಮಾತ್ರ ಇದ್ದಲ್ಲೇ. ಕಾಲಿನ ಕೆಲಸ ಅಲ್ಲಿಗೆ ಮುಗೀತು, ಉಳಿದದ್ದನ್ನು ಪೂರ್ತಿ ನಡುವಿನಿಂದ ಎಳೆಯಬೇಕು. ಸೀಟು ಎಷ್ಟು ಸರಿಯುತ್ತದೋ ಹಿಡಿಕೆಯೂ ಅಷ್ಟೇ ಸರಿಯಬೇಕು. ಇದೊಂದು ಸರಿಹೋದ ಮೇಲೆ ನನ್ನ ನೋವು ಮುಕ್ಕಾಲು ಪಾಲು ಹೋಯಿತು.

ಇನ್ನೊಂದು ವಿಷಯ ಬಗ್ಗುವುದು. ಬಗ್ಗಬೇಕಾದ್ದು ತೊಡೆಸಂದಿಯಲ್ಲಿ, ನಡುವಿನಲ್ಲಲ್ಲ. ಗದ್ದೆಯಲ್ಲಿ ನಾಟಿ ಹಾಕುವ ಹೆಂಗಸರನ್ನು ನೋಡಿದ್ದೀರಲ್ಲ, ಬೆನ್ನು ಹಲಗೆ ತರಹ ಇರುತ್ತದೆ. ನನಗೆ ಫಿಸಿಯೋ ಹೇಳಿಕೊಟ್ಟದ್ದು ಸುಲಭದ ಉಪಾಯ. ಪೊರಕೆ ಕೋಲನ್ನು ಬೆನ್ನಿಗೆ ಉದ್ದಕ್ಕೆ ಹಿಡಿದು ಬಗ್ಗಿ, ಕೋಲು ತಲೆ, ಬೆನ್ನಿನ ಮೇಲ್ಭಾಗ, ಬಾಲದ ಮೂಳೆ ಮೂರನ್ನೂ ಬಿಡಬಾರದು. ದಿನಾ ಹತ್ತು ಸಲ. ಮಷೀನಿನ ಮೇಲೆ ಕೂತಾಗ ಮೈ ಗಡಿಯಾರದ ಮುಳ್ಳು ಅಂದುಕೊಳ್ಳಿ, ಮುಂದಕ್ಕೆ ಒಂದು ಗಂಟೆ, ಹಿಂದಕ್ಕೆ ಹನ್ನೊಂದು ಗಂಟೆ, ಅಷ್ಟೇ. ನಾನು ಹತ್ತು ಗಂಟೆಯವರೆಗೂ ಮಲಗುತ್ತಿದ್ದೆ, ಹಿಂದೆ ವಾಲಿದಷ್ಟೂ ಮೀಟರ್ ಜಾಸ್ತಿ ಬರುತ್ತದೆ ಅಂತ.

ಮುಂದೆ ಬರುವಾಗ ಮೊಣಕಾಲಿನ ಕೆಳಭಾಗ ಕಂಬದ ಹಾಗೆ ನೆಟ್ಟಗೆ ನಿಂತ ತಕ್ಷಣ ನಿಲ್ಲಿಸಿ. ಅದಕ್ಕಿಂತ ಮುಂದೆ ಹೋದರೆ ಬಾಲದ ಮೂಳೆ ಒಳಗೆ ಸುರುಳಿಯಾಗುತ್ತದೆ. ದಿನವಿಡೀ ಕುರ್ಚಿಯಲ್ಲಿ ಕೂತು ತೊಡೆಯ ಹಿಂಭಾಗ ಬಿಗಿಯಾದ ನನ್ನಂಥವರಿಗೆ ಅದು ಇನ್ನೂ ಬೇಗ ಆಗುತ್ತದೆ. ಪಾದ ಇಡುವ ಹಲಗೆಯನ್ನು ಎರಡು ತೂತು ಕೆಳಗಿಳಿಸಿದೆ, ಬಗ್ಗೋಕೆ ಜಾಗ ಸಿಕ್ಕಿತು. ಪಟ್ಟಿ ಪಾದದ ಅಗಲವಾದ ಭಾಗದ ಮೇಲೆ ಬರಬೇಕು, ಬಿಗಿದು ಕಟ್ಟಬೇಡಿ. ವಾರಕ್ಕೊಮ್ಮೆ ಐದು ನಿಮಿಷ ಪಟ್ಟಿಯೇ ಹಾಕದೆ ಎಳೆದು ನೋಡಿ. ಜಾಸ್ತಿ ಹಿಂದೆ ವಾಲಿದರೆ ಕಾಲು ಮೇಲೆದ್ದು ಬಿಡುತ್ತದೆ, ಬೈಯೋಕೆ ಕೋಚ್ ಬೇಡ.

ಬೆಳಿಗ್ಗೆ ಎದ್ದ ತಕ್ಷಣ ಮಾಡುವುದನ್ನೂ ಬಿಟ್ಟೆ. ರಾತ್ರಿಯಿಡೀ ಮಲಗಿದಾಗ ಬೆನ್ನುಮೂಳೆ ನಡುವಿನ ಡಿಸ್ಕ್‌ಗಳು ನೀರು ಹೀರಿಕೊಂಡು ಉಬ್ಬಿರುತ್ತವೆ, ಆಗ ಬಗ್ಗಿದರೆ ಅವುಗಳ ಮೇಲೆ ಒತ್ತಡ ಜಾಸ್ತಿ. ಈಗ ಎದ್ದು ಕಾಫಿ ಕುಡಿದು, ಗಿಡಕ್ಕೆ ನೀರು ಹಾಕಿ, ಒಂದು ಗಂಟೆ ಬಿಟ್ಟು ಕೂರುತ್ತೇನೆ. ಅರ್ಧ ಗಂಟೆ ಒಂದೇ ಸಮ ಎಳೆಯುವುದೂ ಇಲ್ಲ. ಸುಸ್ತಾದ ಮೇಲೆ ಬೆನ್ನು ತಾನಾಗಿಯೇ ಗೂನಾಗುತ್ತದೆ. ಹತ್ತು ನಿಮಿಷ ಎಳೆದು ಎದ್ದು ಎರಡು ಹೆಜ್ಜೆ ನಡೆದು, ಮತ್ತೆ ಹತ್ತು. ನಿಮಿಷಕ್ಕೆ 20 ಎಳೆತ, 22ಕ್ಕಿಂತ ಮೇಲೆ ಬೇಡ.

ಮಾನಿಟರ್ ಬಗ್ಗೆ ಒಂದು ಮಾತು. 500 ಮೀಟರಿಗೆ ಎಷ್ಟು ನಿಮಿಷ ಅಂತ ಪ್ರತಿ ಎಳೆತಕ್ಕೂ ತೋರಿಸುತ್ತಲೇ ಇರುತ್ತದೆ. ಲೆಕ್ಕ ಪಕ್ಕಾ, ಅದೇ ಕಷ್ಟ. 2:30 ಇದ್ದದ್ದನ್ನು 2:25 ಮಾಡೋಣ ಅಂತ ಆಸೆ ಹುಟ್ಟುತ್ತದೆ, ಆ ಐದು ಸೆಕೆಂಡನ್ನು ಸೊಂಟ ಕೊಡುತ್ತದೆ. ಮೊದಲ ತಿಂಗಳು ಅದರ ಮೇಲೆ ಟವೆಲ್ ಹಾಕಿಡಿ, ತಮಾಷೆಗೆ ಹೇಳುತ್ತಿಲ್ಲ.

ಡೆಲಿವರಿ ಮಾಡಿದ ಅಂಗಡಿಯವರು ಜೋಡಿಸಿ ಕೊಡುತ್ತೇವೆ ಅಂದವರು ಡಬ್ಬ ಗೇಟಿನ ಹತ್ತಿರ ಇಳಿಸಿ ಹೋದರು. ಮೊದಲ ಮಹಡಿಗೆ ನಾನೇ ಹೊತ್ತೆ. ಸೊಂಟದ ಲೆಕ್ಕದಲ್ಲಿ ಅದನ್ನೂ ಸೇರಿಸಬೇಕೇನೋ. ಈಗಾಗಲೇ ಡಿಸ್ಕ್ ತೊಂದರೆ ಇರುವವರು, ನೋವು ಕಾಲಿಗೆ ಇಳಿಯುವವರು, ಕಾಲು ಜೋಮು ಹಿಡಿಯುವವರು ಮೊದಲು ಡಾಕ್ಟರಿಗೆ ತೋರಿಸಿ. ನನ್ನ ರಿವ್ಯೂ ಓದಿ ಆರ್ಡರ್ ಮಾಡಬೇಡಿ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕತ್ತರಿಸಿದ್ದು ಸೀಟಿನ ಎತ್ತರಕ್ಕೆ. ನೆಲದಿಂದ 14 ಇಂಚು, ಅಂದರೆ ಮಾಮೂಲಿ ಕುರ್ಚಿಗಿಂತ ಗಿಡ್ಡ. ಸೊಂಟ ನೋಯುವಾಗ ಅಲ್ಲಿಂದ ಏಳಬೇಕಾದರೆ ಗೋಡೆ ಹಿಡಿಯಬೇಕು. ಇದರಲ್ಲೇ ಉದ್ದ ಕಾಲಿನದೂ ಬರುತ್ತದೆ, ಸೀಟು 20 ಇಂಚು, ರೇಟು ಸ್ವಲ್ಪ ಜಾಸ್ತಿ. ಮನೆಯಲ್ಲಿ ಮಂಡಿನೋವಿನವರು, ವಯಸ್ಸಾದವರು ಯಾರಾದರೂ ಕೂರುವುದಿದ್ದರೆ ಅದನ್ನೇ ಕೇಳಿ ತಗೊಳ್ಳಿ. ನಮ್ಮಮ್ಮ ಒಂದು ಸಲ ಕೂತು ನೋಡಿದಳು, ಎಬ್ಬಿಸೋಕೆ ಇಬ್ಬರು ಬೇಕಾಯಿತು.