ಎಲ್ವಿಸ್ ಲೈವ್ ಸಂಗ್ರಹ: ಸೌಂಡ್‌ಬೋರ್ಡ್ ಟೇಪೋ, ಪ್ರೇಕ್ಷಕರ ಟೇಪೋ?

ಅಮೆರಿಕದ ರಾಕ್ ಗಾಯಕ ಎಲ್ವಿಸ್ ಪ್ರೀಸ್ಲಿಯ 1970ರ ದಶಕದ ಶೋಗಳ ಟೇಪ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಸೌಂಡ್‌ಬೋರ್ಡ್ ಅಂದರೆ ಶೋದ ಮೈಕುಗಳ ದನಿಯನ್ನೆಲ್ಲ ಬೆರೆಸುವ ಮಿಕ್ಸರ್‌ನಿಂದ ನೇರವಾಗಿ ಇಳಿಸಿದ್ದು. ದನಿ ಎಷ್ಟು ಹತ್ತಿರವೆಂದರೆ ಉಸಿರೆಳೆಯುವುದೂ ಕೇಳುತ್ತದೆ. ಆದರೆ ಹೆಚ್ಚಿನವು ಮೋನೋ (ಎಡ-ಬಲ ಭೇದವಿಲ್ಲದ ಒಂದೇ ಚಾನೆಲ್), ವಾದ್ಯಗಳೂ ಚಪ್ಪಾಳೆಯೂ ಹಿಂದೆ ಸರಿದಿರುತ್ತವೆ. ಪ್ರೇಕ್ಷಕರು ಕ್ಯಾಸೆಟ್‌ನಲ್ಲಿ ಹಿಡಿದದ್ದರಲ್ಲಿ ಸಭಾಂಗಣದ ಕಾವಿದೆ. ಜೊತೆಗೆ ಪ್ರತಿಧ್ವನಿ, ಪಕ್ಕದವರ ಕಿರುಚಾಟ, ಕ್ಯಾಸೆಟ್ ಮಗುಚುವಾಗ ತುಂಡಾದ ಹಾಡು!

ಹೊಸಬರಿಗೆ ಸೌಂಡ್‌ಬೋರ್ಡೇ ಸರಿ. 1999ರಲ್ಲಿ ಶುರುವಾದ ಅಧಿಕೃತ ಲೇಬಲ್ ‘ಫಾಲೋ ದಟ್ ಡ್ರೀಮ್’ನ ಸೀಡಿಗಳಿಂದ ಆರಂಭಿಸಿ. ಬೋರ್ಡ್ ಟೇಪೇ ಸಿಗದ ಶೋ ಬೇಕೆಂದರೆ ಮಾತ್ರ ಪ್ರೇಕ್ಷಕರದ್ದಕ್ಕೆ ಹೋಗಿ.

ಫೈಲ್ ತೆಗೆದುಕೊಳ್ಳುವಾಗ ‘ಫ್ಲ್ಯಾಕ್’ (ಗುಣಮಟ್ಟ ಕಳೆಯದೆ ಕುಗ್ಗಿಸಿದ ಆಡಿಯೋ ಫೈಲ್) ಅಂತ ಹೆಸರಿದ್ದರೆ ಸಾಲದು. ಆಡಿಯೋ ತಂತ್ರಾಂಶದಲ್ಲಿ ಸ್ಪೆಕ್ಟ್ರಮ್, ಅಂದರೆ ದನಿಯ ಆವರ್ತನಗಳ ಚಿತ್ರ, ತೆರೆದು ನೋಡಿ: 16 ಕಿಲೋಹರ್ಟ್ಸ್ ಹತ್ತಿರ ದನಿ ನೇರ ಗೆರೆಯಲ್ಲಿ ನಿಂತುಬಿಟ್ಟಿದ್ದರೆ ಅದು ಗುಣಮಟ್ಟ ಕಳೆದ ಎಂಪಿ3ಯಿಂದ ಬಂದಿರುವ ಸಾಧ್ಯತೆಯೇ ಹೆಚ್ಚು. ಎಲ್ವಿಸ್ ದನಿ ಕೀರಲಾಗಿದ್ದರೆ ಟೇಪ್ ವೇಗ ಹೆಚ್ಚಾಗಿದೆ. ಅದೇ ಕಾಲದ ಅಧಿಕೃತ ಲೈವ್ ಮುದ್ರಣದ ಶ್ರುತಿಗೆ ಹೊಂದಿಸಿ.