ಸೈಕಾಲಜಿ ಡಿಗ್ರಿ: ಲ್ಯಾಬ್ ನೋಡಿ ಸೇರಿ

ಪಿಯುಸಿ ಆದಮೇಲೆ ಸೈಕಾಲಜಿಗೆ ಸೇರಬೇಕೆಂದಿರುವವರು ಕಾಲೇಜಿನ ಕಟ್ಟಡ, ಹೆಸರು, ಫೀಸು ಎಲ್ಲ ವಿಚಾರಿಸುತ್ತಾರೆ. ಲ್ಯಾಬ್ ತೋರಿಸಿ ಎಂದು ಕೇಳುವವರು ಕಡಿಮೆ. ಈ ಡಿಗ್ರಿ ದುಡ್ಡಿಗೂ ಮೂರು ವರ್ಷಕ್ಕೂ ತಕ್ಕದ್ದೋ ಅಲ್ಲವೋ ಎನ್ನುವುದು ಅಲ್ಲೇ ಗೊತ್ತಾಗುತ್ತದೆ.

ಕಣ್ಣಿನ ಭ್ರಮೆಯನ್ನು ಅಳೆಯುವ ಮ್ಯುಲರ್-ಲಾಯರ್ ಪ್ರಯೋಗವನ್ನೇ ತೆಗೆದುಕೊಳ್ಳಿ. ಹಲಗೆಯ ಮೇಲೆ ಎರಡು ಗೆರೆ. ಒಂದರ ತುದಿಗಳಲ್ಲಿ ಬಾಣದ ಮೊನೆ, ಅದು ಸ್ಥಿರ. ಇನ್ನೊಂದರ ತುದಿಗಳಲ್ಲಿ ಹೊರಕ್ಕೆ ತೆರೆದ ರೆಕ್ಕೆ, ಅದನ್ನು ಸರಿಸಬಹುದು. ಎರಡೂ ಸಮ ಎನಿಸುವ ತನಕ ಸರಿಸುವುದು ಪ್ರಯೋಗಕ್ಕೆ ಕೂತವರ ಕೆಲಸ. ಹಿಂಬದಿಯ ಸ್ಕೇಲಿನಲ್ಲಿ ಎಷ್ಟು ಮಿಲಿಮೀಟರ್ ತಪ್ಪಾಯಿತೆಂದು ಬರೆದುಕೊಳ್ಳುವುದು ಪ್ರಯೋಗ ಮಾಡಿಸುವವರ ಕೆಲಸ. ರೆಕ್ಕೆಯ ಗೆರೆ ಕಣ್ಣಿಗೆ ಉದ್ದವಾಗಿ ಕಾಣುವುದರಿಂದ ಸಾಮಾನ್ಯವಾಗಿ ಅದನ್ನು ಗಿಡ್ಡವಾಗಿಯೇ ನಿಲ್ಲಿಸುತ್ತಾರೆ. 20 ಸಲ ಮಾಡಿಸುವುದಾದರೆ 10 ಸಲ ತೀರಾ ಗಿಡ್ಡದಿಂದ ಹಿಗ್ಗಿಸುತ್ತ, 10 ಸಲ ತೀರಾ ಉದ್ದದಿಂದ ಕುಗ್ಗಿಸುತ್ತ ಮಾಡಿಸಬೇಕು. ಎಡ-ಬಲವನ್ನೂ ಅದಲುಬದಲು ಮಾಡಬೇಕು. ಪ್ರತಿ ಸಲವೂ ಒಂದೇ ಜಾಗದಿಂದ ಶುರು ಮಾಡಿಸಿದರೆ ಕೈಗೆ ಅಭ್ಯಾಸವಾಗಿಬಿಡುತ್ತದೆ. ಆಗ ಅಳೆದದ್ದು ಕಣ್ಣಿನ ಭ್ರಮೆಯನ್ನಲ್ಲ, ಕೈಯ ನೆನಪನ್ನು. ಮಾಡಿಸುವವರು ನಡುವೆ ‘ಈ ಸಲ ಸರಿಯಾಯ್ತು’ ಅಂದರೂ ಸಾಕು, ಮುಂದಿನ ಅಂಕಿಗಳೆಲ್ಲ ಕೆಡುತ್ತವೆ.

ಸೈಕಾಲಜಿಯ ಜೀವ ಇರುವುದು ಈ ಶಿಸ್ತಿನಲ್ಲಿ. ಮೂವತ್ತು ಮಂದಿಗೆ ಒಂದೇ ಹಲಗೆ ಇರುವ ಕಡೆ ಇಬ್ಬರು ಮಾಡಿ, ಉಳಿದವರು ಅಂಕಿ ನಕಲು ಮಾಡಿ ರೆಕಾರ್ಡ್ ಬರೆಯುತ್ತಾರೆ. ಹಾಗಾಗಿ ಹೋದಾಗ ಹಿಂದಿನ ಬ್ಯಾಚಿನ ನಾಲ್ಕೈದು ರೆಕಾರ್ಡ್ ಪುಸ್ತಕ ಕೇಳಿ ನೋಡಿ. ಎಲ್ಲದರಲ್ಲೂ ಅದೇ ಅಂಕಿಗಳಿದ್ದರೆ ಬೇರೆ ಕಾಲೇಜು ಹುಡುಕುವುದು ಒಳ್ಳೆಯದು. ಕನ್ನಡಿಯಲ್ಲಿ ನೋಡುತ್ತ ಗೆರೆ ಎಳೆಯುವ ಮಿರರ್ ಡ್ರಾಯಿಂಗ್ ಉಪಕರಣ, ದಾರಿ ಹುಡುಕುವ ಮೇಜ್ (ಚಕ್ರವ್ಯೂಹ), ಸ್ಟಾಪ್‌ವಾಚ್, ವಿನ್ಯಾಸಗಳಿಂದ ಬುದ್ಧಿಶಕ್ತಿ ಅಳೆಯುವ ರೇವನ್ಸ್ ಪರೀಕ್ಷೆಯ ಅಸಲಿ ಪುಸ್ತಿಕೆ ಇವೆಯೇ ನೋಡಿ. ರೇವನ್ಸ್‌ನ ಸ್ಟ್ಯಾಂಡರ್ಡ್ ಪ್ರೊಗ್ರೆಸಿವ್ ಮ್ಯಾಟ್ರಿಸಸ್‌ನಲ್ಲಿ ಐದು ಸೆಟ್, ಒಂದೊಂದರಲ್ಲಿ 12 ಪ್ರಶ್ನೆ, ಒಟ್ಟು 60. ಮಸುಕಾದ ಜೆರಾಕ್ಸ್‌ನಲ್ಲಿ ವಿನ್ಯಾಸದ ಸೂಕ್ಷ್ಮ ಗೆರೆ ಅಳಿಸಿಹೋದರೆ ಅಂಕವೇ ತಪ್ಪುತ್ತದೆ.

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಈ ವಿಷಯಕ್ಕೆ ವಿಭಾಗ ಶುರುವಾದದ್ದು 1924ರಲ್ಲಿ, ಎಂ.ವಿ. ಗೋಪಾಲಸ್ವಾಮಿಯವರ ಮುಂದಾಳತ್ವದಲ್ಲಿ. 1935ರಲ್ಲಿ ಮನೆಯಲ್ಲೇ ರೇಡಿಯೊ ಕೇಂದ್ರ ತೆರೆದು ‘ಆಕಾಶವಾಣಿ’ ಶುರುಮಾಡಿದವರೂ ಇವರೇ. ನೂರು ವರ್ಷದ ಬೇರಿರುವ ನಾಡಿನಲ್ಲಿ ಲ್ಯಾಬಿಗೆ ಬೀಗ ಹಾಕಿರುವ ವಿಭಾಗ ಕಂಡರೆ ಸಂಕಟವಾಗುತ್ತದೆ.

ಇನ್ನು ಪಾಠ. ದೆಹಲಿ ವಿಶ್ವವಿದ್ಯಾಲಯದಲ್ಲಿ ಅಪ್ಲೈಡ್ ಸೈಕಾಲಜಿ ಎಂದೇ ಬಿ.ಎ. ಆನರ್ಸ್ ಇದೆ. ನಮ್ಮಲ್ಲಿ ಹೆಚ್ಚಿನ ಕಡೆ ಸೈಕಾಲಜಿ ಮೂರು ವಿಷಯಗಳಲ್ಲಿ ಒಂದು. ಜೊತೆಗೆ ಜರ್ನಲಿಸಂ, ಇಂಗ್ಲಿಷ್, ಸೋಷಿಯಾಲಜಿ ಯಾವುದಿದ್ದರೂ ಅಡ್ಡಿಯಿಲ್ಲ. ಆದರೆ ಸ್ಟಾಟಿಸ್ಟಿಕ್ಸ್‌ನಿಂದ ತಪ್ಪಿಸಿಕೊಳ್ಳಲಾಗದು. ಮೀನ್, ಸ್ಟ್ಯಾಂಡರ್ಡ್ ಡೀವಿಯೇಷನ್, ಕೋರಿಲೇಷನ್, ಟಿ-ಟೆಸ್ಟ್ ಇವಿಷ್ಟನ್ನು ಎರಡನೇ ವರ್ಷದೊಳಗೆ ಕೈಯಲ್ಲಿ ಲೆಕ್ಕ ಹಾಕಿ ಕಲಿಯಿರಿ. ಆಮೇಲೆ ಉಚಿತವಾಗಿ ಸಿಗುವ ಜಮೋವಿ ಸಾಫ್ಟ್‌ವೇರ್‌ನಲ್ಲಿ ಅದೇ ಲೆಕ್ಕ ಮಾಡಿ ತಾಳೆ ನೋಡಿ. ಎಂ.ಎಸ್ಸಿ.ಗೆ ಹೋದಾಗ ಹಲವರು ಎಡವುವುದು ಇಲ್ಲೇ.

ಈ ಡಿಗ್ರಿಯ ದೊಡ್ಡ ಕೊರತೆಯನ್ನು ಅಡ್ಮಿಷನ್ ಕೌಂಟರಿನಲ್ಲಿ ಹೇಳುವುದಿಲ್ಲ: ಸೈಕಾಲಜಿಯ ಸಾಮಾನ್ಯ ಬಿ.ಎ., ಬಿ.ಎಸ್ಸಿ.ಯಿಂದ ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲ. ಮೇಲೆ ಎಂ.ಎ. ಇಲ್ಲವೇ ಎಂ.ಎಸ್ಸಿ., ಅದರ ಮೇಲೆ ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಒಪ್ಪಿದ ತರಬೇತಿ, ಆಮೇಲೆ ನೋಂದಣಿ. ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ನಂಥ ಕಡೆ ಇದು ಎರಡು ವರ್ಷದ ಎಂ.ಫಿಲ್ ಆಗಿ ನಡೆದುಬಂದಿದೆ. ಆದರೆ ಯುಜಿಸಿ 2022ರಲ್ಲೇ ಎಂ.ಫಿಲ್ ಕೈಬಿಟ್ಟು, ಕ್ಲಿನಿಕಲ್ ಸೈಕಾಲಜಿಗೆ 2025-26ರ ತನಕ ಮಾತ್ರ ರಿಯಾಯಿತಿ ಕೊಟ್ಟಿತ್ತು. ಈಗ ಸೇರುವವರು ಎಂ.ಫಿಲ್ ನಂಬಿ ಕೂರದೆ, ಸೈ.ಡಿ. (ಡಾಕ್ಟರ್ ಆಫ್ ಸೈಕಾಲಜಿ) ಮತ್ತಿತರ ಹೊಸ ಕೋರ್ಸುಗಳ ಪಟ್ಟಿಯನ್ನು ವರ್ಷಕ್ಕೊಮ್ಮೆ ಆರ್‌ಸಿಐ ಜಾಲತಾಣದಲ್ಲೇ ನೋಡುತ್ತಿರಬೇಕು. ದೂರಶಿಕ್ಷಣದ ಜಾಹೀರಾತಿಗೂ ಮರುಳಾಗಬೇಡಿ: 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಸೈಕಾಲಜಿಯನ್ನು ದೂರಶಿಕ್ಷಣ, ಆನ್‌ಲೈನ್ ಎರಡರಲ್ಲೂ ನಡೆಸಕೂಡದೆಂದು ಯುಜಿಸಿ ಹೇಳಿದೆ.

ಹಾಗಾದರೆ ಡಿಗ್ರಿ ಮುಗಿಸಿ ಏನು ಮಾಡಬಹುದು? ಎಚ್.ಆರ್. ಕಡೆ ಒಲವಿದ್ದರೆ ಎಂಬಿಎ ಅಥವಾ ಎಂಎಸ್‌ಡಬ್ಲ್ಯೂ. ಕಂಪನಿಗಳ ನೇಮಕಾತಿ ಪರೀಕ್ಷೆಗಳನ್ನು ಅರ್ಥಮಾಡಿಕೊಳ್ಳಲು ಡಿಗ್ರಿಯ ಟೆಸ್ಟಿಂಗ್ ಪಾಠ ನೇರವಾಗಿ ನೆರವಾಗುತ್ತದೆ. ಮಕ್ಕಳ ಜೊತೆ ತಾಳ್ಮೆಯಿಂದ ಇರಬಲ್ಲವರಿಗೆ ಸ್ಪೆಷಲ್ ಎಜುಕೇಷನ್ ಬಿ.ಎಡ್. ಒಳ್ಳೆಯ ದಾರಿ, ಇದಕ್ಕೂ ಆರ್‌ಸಿಐ ನೋಂದಣಿ ಉಂಟು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಬಳಕೆದಾರರನ್ನು ಗಮನಿಸಿ, ಮಾತಾಡಿಸಿ ವರದಿ ಬರೆಯುವ ಯುಎಕ್ಸ್ ರಿಸರ್ಚ್ ಕೆಲಸವಿದೆ; ಅಲ್ಲಿ ಬೇಕಾಗುವುದು ಲ್ಯಾಬಿನಲ್ಲಿ ಕಲಿತ ಅದೇ ಎಚ್ಚರ. ಸರ್ಕಾರದ ಕಡೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ, ಅದು ರೂಪುಗೊಂಡದ್ದೇ ನಮ್ಮ ಬಳ್ಳಾರಿಯ ಮಾದರಿಯ ಮೇಲೆ. 14416 ನಂಬರಿನ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲಿ ಮಾತಾಡಿ ಸಂಕಟ ಕೇಳಿಸಿಕೊಳ್ಳುವವರು ಬೇಕೇ ಬೇಕು. ಕೌನ್ಸೆಲಿಂಗ್ ಪದಗಳನ್ನು ಇಂಗ್ಲಿಷಿನಲ್ಲಷ್ಟೇ ಕಲಿತವರು ‘ಎದೆ ಭಾರ’, ‘ತಲೆ ಕೆಟ್ಟಂಗಾಗ್ತದೆ’ ಎನ್ನುವ ಮಾತಿನ ಮುಂದೆ ತಬ್ಬಿಬ್ಬಾಗುತ್ತಾರೆ, ಅದಕ್ಕೂ ತಯಾರಿ ಬೇಕು.

ಕೊನೆಯ ವರ್ಷದ ಇಂಟರ್ನ್‌ಷಿಪ್‌ಗೆ ಸರ್ಟಿಫಿಕೇಟ್ ಮಾರುವ ಜಾಗಗಳು ಬಹಳ. ದುಡ್ಡು ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ. ಮೇಲ್ವಿಚಾರಕರು ತಾವು ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಂಡರೆ ಅವರ ಸಿಆರ್‌ಆರ್ ನಂಬರ್, ಅಂದರೆ ಆರ್‌ಸಿಐ ನೋಂದಣಿ ಸಂಖ್ಯೆ, ಏನು? ವಾರಕ್ಕೆ ಎಷ್ಟು ಗಂಟೆ ಎದುರು ಕೂತು ಹೇಳಿಕೊಡುತ್ತಾರೆ? ಕೇಸ್ ಹಿಸ್ಟರಿ ಬರೆದರೆ ತಿದ್ದಿ ಕೊಡುತ್ತಾರೆಯೇ? ಸಿಆರ್‌ಆರ್ ನಂಬರನ್ನು ಆರ್‌ಸಿಐ ಜಾಲತಾಣದಲ್ಲಿ ಹಾಕಿದರೆ ಅವರ ನೋಂದಣಿ ಇದೆಯೋ ಇಲ್ಲವೋ ಅಲ್ಲೇ ಕಾಣುತ್ತದೆ.