ಸಾಂಕ್ರಾಮಿಕದ ನಡುವೆ ಕಲಿತ ಎರಡು ಆನ್‌ಲೈನ್ ಪಾಠಗಳು

2020ರ ಮೇ ತಿಂಗಳಲ್ಲಿ ನನ್ನ ದಿನವೆಲ್ಲ ಆರೋಗ್ಯ ಇಲಾಖೆಯ ಸಂಜೆಯ ಬುಲೆಟಿನ್ನಿಗಾಗಿ ಕಾಯುವುದರಲ್ಲೇ ಕಳೆದುಹೋಗುತ್ತಿತ್ತು. ಕೋವಿಡ್ ಸೋಂಕಿತರಿಗೆ ಕೊಡುತ್ತಿದ್ದ ಪಿ-ಸಂಖ್ಯೆಗಳನ್ನು ಒಂದೊಂದಾಗಿ ಓದಿ, ಯಾವ ಜಿಲ್ಲೆ, ಯಾರ ಸಂಪರ್ಕ ಎಂದು ಲೆಕ್ಕ ಹಾಕಿ, ಆಮೇಲೆ ವಾಟ್ಸ್‌ಆ್ಯಪಿನಲ್ಲಿ ಬಂದದ್ದನ್ನೆಲ್ಲ ನೋಡಿ ನಿದ್ದೆಗೆಡುತ್ತಿದ್ದೆ. ಭಯ ಬೆಳೆಯುತ್ತಿತ್ತೇ ಹೊರತು ತಿಳಿವಳಿಕೆ ಬೆಳೆಯುತ್ತಿರಲಿಲ್ಲ. ಆ ಸ್ಥಿತಿಯಲ್ಲಿ ನನಗೆ ಸಿಕ್ಕಿದ್ದು, ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯವು ಅದೇ ತಿಂಗಳ 11ರಂದು ಕೋರ್ಸೆರಾ ತಾಣದಲ್ಲಿ ಉಚಿತವಾಗಿ ತೆರೆದ, ಕೋವಿಡ್ ಸಂಪರ್ಕಿತರನ್ನು ಪತ್ತೆಹಚ್ಚುವ ಕೆಲಸವನ್ನು ಕಲಿಸುವ ಕೋರ್ಸ್.

ಸಾಂಕ್ರಾಮಿಕ ರೋಗ ತಜ್ಞೆ ಎಮಿಲಿ ಗರ್ಲಿ ನಡೆಸಿಕೊಡುವ ಈ ಪಾಠ ಸುಮಾರು ಆರು ಗಂಟೆಗಳದು. ರೋಗಲಕ್ಷಣ ಕಾಣಿಸುವ ಎರಡು ದಿನ ಮೊದಲೇ ಸೋಂಕು ಹರಡಬಲ್ಲದು, ಆರು ಅಡಿಯೊಳಗೆ ಹದಿನೈದು ನಿಮಿಷ ಜೊತೆಗಿದ್ದವರು ನಿಕಟ ಸಂಪರ್ಕಿತರು, ಅವರು 14 ದಿನ ಮನೆಯಲ್ಲೇ ಇರಬೇಕು ಎಂಬ ಅಂದಿನ ಲೆಕ್ಕಾಚಾರಗಳನ್ನು ಕಾರಣಸಹಿತ ಬಿಡಿಸಿ ಹೇಳಿದಾಗ, ಬುಲೆಟಿನ್ನಿನ ಪ್ರತಿ ಸಾಲೂ ನನಗೆ ಮೊದಲ ಬಾರಿಗೆ ಅರ್ಥವಾಗತೊಡಗಿತು. ಆದರೆ ನಾನು ಈ ಕೋರ್ಸನ್ನು ಮೆಚ್ಚಲು ಮುಖ್ಯ ಕಾರಣ ಅದರ ನೀತಿಪಾಠ. ಸೋಂಕಿತರ ಹೆಸರನ್ನು ಸಂಪರ್ಕಿತರಿಗೆ ಹೇಳಬಾರದು, ಮನೆಯಲ್ಲಿರಿ ಎನ್ನುವ ಮೊದಲು ಮನೆಯಲ್ಲಿರಲು ಅವರಿಗೆ ಏನು ಬೇಕೆಂದು ಕೇಳಬೇಕು ಎಂದು ಅದು ಕಲಿಸುತ್ತದೆ. ಕ್ವಾರಂಟೈನ್‌ನಲ್ಲಿದ್ದವರ ವಿಳಾಸಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದ್ದ ಆ ಕಾಲದಲ್ಲಿ ಈ ಮಾತು ನನ್ನ ಮನಸ್ಸಿಗೆ ಆಳವಾಗಿ ತಟ್ಟಿತು. ಎದುರುಮನೆಯ ಬಾಗಿಲಿಗೆ ಕ್ವಾರಂಟೈನ್ ಚೀಟಿ ಅಂಟಿಸಿದ ದಿನ ಅಲ್ಲಿನ ಹಿರಿಯರಿಗೆ ಫೋನ್ ಮಾಡಿ "ಊಟ ಆಯ್ತಾ ಅಮ್ಮ?" ಎಂದು ಕೇಳಿದೆ. "ಹಾಲಿನವನು ಇತ್ತ ಬರ್ತಾನೇ ಇಲ್ಲ ಕಣಪ್ಪ" ಎಂದರು. ಮರುದಿನದಿಂದ ಅವರ ಹಾಲು ನಮ್ಮ ಮನೆಗೆ ಬಂದು, ಅಲ್ಲಿಂದ ಅವರ ಗೇಟು ತಲುಪತೊಡಗಿತು.

ಅದೇ ವಿಶ್ವವಿದ್ಯಾಲಯದ ಇನ್ನೊಂದು ಕೋರ್ಸ್, ಜಾರ್ಜ್ ಎವರ್ಲಿ ಬೋಧಿಸುವ ಮಾನಸಿಕ ಪ್ರಥಮ ಚಿಕಿತ್ಸೆಯ ಪಾಠ. ಕಿವಿಗೊಟ್ಟು ಕೇಳುವುದು, ಸ್ಥಿತಿಯನ್ನು ಅಳೆಯುವುದು, ಯಾರಿಗೆ ಮೊದಲು ನೆರವು ಬೇಕೆಂದು ಗುರುತಿಸುವುದು, ನೆರವಾಗುವುದು, ಮುಂದಿನ ದಾರಿ ತೋರುವುದು ಎಂಬ ಐದು ಹೆಜ್ಜೆಗಳ ಈ ಕ್ರಮಕ್ಕೆ ಅವರು 'ರ್‍ಯಾಪಿಡ್' ಎಂದು ಹೆಸರಿಟ್ಟಿದ್ದಾರೆ. 2021ರ ಎರಡನೇ ಅಲೆಯಲ್ಲಿ ಚಿಕ್ಕಪ್ಪ ತೀರಿಕೊಂಡಾಗ ನಾವು ಯಾರೂ ಹೋಗಲಾಗಲಿಲ್ಲ. ಫೋನಿನಲ್ಲಿ ಚಿಕ್ಕಮ್ಮನಿಗೆ "ಧೈರ್ಯ ತಂದುಕೊಳ್ಳಿ" ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಪಾಠ ನೆನಪಾಗಿ ಸುಮ್ಮನಾದೆ. ಬಹಳ ಹೊತ್ತಿನ ಮೇಲೆ ಅವರು "ಕನ್ನಡಕ ಇನ್ನೂ ಟಿವಿ ಮೇಲೇ ಇದೆ ಕಣೋ" ಎಂದರು. "ಎತ್ತಿಡೋಕೆ ಮನಸ್ಸು ಬರ್ತಿಲ್ಲ, ಅಲ್ವಾ ಚಿಕ್ಕಮ್ಮ?" ಎಂದೆ. ಅಲ್ಲಿಯವರೆಗೆ ಅಳದಿದ್ದವರು ಆಗ ಅತ್ತರು, ಅತ್ತು ಮಾತನಾಡಿದರು. ಕೇಳಿಸಿಕೊಂಡದ್ದನ್ನು ನಮ್ಮ ಮಾತಿನಲ್ಲಿ ಮರಳಿ ಹೇಳುವ ಆ ಸಣ್ಣ ಕ್ರಮಕ್ಕೆ ಇಷ್ಟು ಶಕ್ತಿ ಇದೆಯೆಂದು ನಾನು ತಿಳಿದಿರಲಿಲ್ಲ. ನೆರವಾಗುವವರು ತಮ್ಮನ್ನು ತಾವು ಹೇಗೆ ನೋಡಿಕೊಳ್ಳಬೇಕು ಎಂಬ ಕೊನೆಯ ಭಾಗವನ್ನು ಆ ವಾರ ಎರಡು ಸಲ ಕೇಳಿದೆ.

ಎರಡೂ ಪಾಠಗಳು ಇಂಗ್ಲಿಷಿನಲ್ಲಿವೆ, ಅಮೆರಿಕದ ಬದುಕನ್ನು ಕಣ್ಣಮುಂದಿಟ್ಟುಕೊಂಡಿವೆ. ಸೋಂಕಿತರಿಗೆ ಪ್ರತ್ಯೇಕ ಕೋಣೆ, ಪ್ರತ್ಯೇಕ ಬಚ್ಚಲು ಎಂಬ ಸಲಹೆಯನ್ನು ನಮ್ಮ ವಠಾರಗಳಲ್ಲಿ ಪಾಲಿಸುವುದು ಸುಲಭವಲ್ಲ. ಸಂಪರ್ಕ ಪತ್ತೆಯ ಪಾಠದ ದಿನಗಳ ಲೆಕ್ಕ ಇಂದು ಹಳತಾಗಿದ್ದರೂ ಅದರ ತರ್ಕ ಮತ್ತು ನೀತಿಗಾಗಿ ಈಗಲೂ ಕಲಿಯಬಹುದು; ಇಂಗ್ಲಿಷ್ ಬಲ್ಲ ಆಶಾ ಕಾರ್ಯಕರ್ತೆಯರಿಗೆ, ಶಿಕ್ಷಕರಿಗೆ ಎರಡನೆಯದನ್ನು ವಿಶೇಷವಾಗಿ ಸೂಚಿಸುತ್ತೇನೆ.

ಆದರೆ ಪಾಠ ಕೇಳಿ ಕಲಿತ ನನ್ನಂಥವರು ವೈದ್ಯರಲ್ಲ. ಚಿಕ್ಕಮ್ಮನಿಗೆ ಬೇಕಾಗಿದ್ದುದು ಕನ್ನಡದಲ್ಲೇ ಮಾತನಾಡುವ, ಈ ಕೆಲಸದಲ್ಲಿ ತರಬೇತಿ ಪಡೆದ ಒಂದು ದನಿ. 2022ರ ಅಕ್ಟೋಬರ್ 10ರಂದು ಆರಂಭವಾದ, ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿರುವ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿಗೆ ಹಗಲೂ ರಾತ್ರಿಯೂ ಉಚಿತವಾಗಿ ಕರೆ ಮಾಡಬಹುದು; ಸಂಖ್ಯೆ 14416. ಮುಂದೊಮ್ಮೆ ಊರಿಗೆ ಹೋದಾಗ ಆ ಐದು ಅಂಕಿಗಳನ್ನು ಅವರ ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಬಂದೆ.